ಹೆಚ್ಚಿಗೆ ಬಿಟ್ಟ ಎರಡಿಂಚು

ಆ ಕತ್ತರಿ ಮೊಂಡು, ಬಟ್ಟೆಯನ್ನು ಕತ್ತರಿಸುತ್ತಿಲ್ಲ, ಅಗಿಯುತ್ತಿದೆ, ಪರದೆಯ ಆಚೆಯಿಂದ ಸದ್ದು ಕೇಳಿದರೇ ಗೊತ್ತಾಗುತ್ತದೆ, ನಲವತ್ತೊಂದು ವರ್ಷ ಇದೇ ಸದ್ದಿನಲ್ಲಿ ಬದುಕಿದ ದರ್ಜಿ ನಾನು — ನರ್ಸಮ್ಮ ನನ್ನ ಹೆಂಡತಿಯ ನೈಟಿಯನ್ನು ಅಂಚಿನಿಂದ ಮೇಲಕ್ಕೆ ಸೀಳುತ್ತಿದ್ದಾಳೆ, ತಲೆಯ ಮೇಲಿಂದ ತೆಗೆಯಲು ಹೋದರೆ ಸೊಂಟ ಅಲುಗಿ ಕಿರುಚುತ್ತಾಳೆ, ಹೊಸ ನೈಟಿ, ಹೋದ ವಾರ ನಾನೇ ಹೊಲಿದದ್ದು, ಬೆಳಿಗ್ಗೆ ಅಡುಗೆಮನೆಯಿಂದ ಹೊರಗೆ ಬರುವಾಗ ಬಿದ್ದಳಲ್ಲ, ಧೊಪ್ ಎಂದೂ ಅಲ್ಲ, ಒಣಕಡ್ಡಿ ಮುರಿದಷ್ಟೇ ಸದ್ದು, ಇಷ್ಟಕ್ಕೆಲ್ಲ ಸೊಂಟ ಮುರಿಯುತ್ತದೆಯೇ, ಮಗು ಬಿದ್ದರೆ ಎದ್ದು ಓಡುತ್ತದೆ. ನಿಮ್ಮ ಸಾಮಾನು ಎಂದು ನರ್ಸಮ್ಮ ಪ್ಲಾಸ್ಟಿಕ್ ಚೀಲ ತಂದು ತೊಡೆಯ ಮೇಲಿಟ್ಟು ಹೋದಳು, ಸೀಳಿದ ನೈಟಿ ಒಳಗಿದೆ, ಹೊಲಿಗೆ ಮಾತ್ರ ಎಲ್ಲೂ ಬಿಟ್ಟಿಲ್ಲ, ಗಟ್ಟಿ ಕೈ ನನ್ನದು. ಹೋದ ವರ್ಷ ಸ್ಕ್ಯಾನಿನಲ್ಲಿ ಮೂಳೆ ಚೆನ್ನಾಗಿದೆ ಅಂದಿದ್ರಲ್ಲ ಡಾಕ್ಟ್ರೇ ಎಂದೆ, ಮಗಳ ವಯಸ್ಸಿನ ಡಾಕ್ಟರಮ್ಮ, ಕನ್ನಡಕ ಮೂಗಿನ ತುದಿಗೆ ಜಾರಿದೆ, ಸಕ್ಕರೆ ಕಾಯಿಲೆ ಇರೋರ ಮೂಳೆ ಸ್ಕ್ಯಾನಲ್ಲಿ ಗಟ್ಟಿಯಾಗೇ ಕಾಣಬಹುದು ಯಜಮಾನ್ರೇ, ಒಳಗಿನ ನೇಯ್ಗೆ ಹಾಳಾಗಿರುತ್ತೆ — ನೇಯ್ಗೆ ಎಂದಳು, ನನಗೆ ತಿಳಿಯಲಿ ಎಂದೇ ಇರಬೇಕು, ಕೊರಳಲ್ಲಿ ಟೇಪು ನೇತಾಡುತ್ತಿತ್ತಲ್ಲ, ಆಂಬುಲೆನ್ಸ್ ಹತ್ತುವಾಗ ತೆಗೆದಿಡಲು ಮರೆತೆ. ಮಕ್ಕಳನ್ನ ಉದ್ದ ಬೆಳೆಸುತ್ತಲ್ಲ ಹಾರ್ಮೋನು, ಅದೇ ದೊಡ್ಡವರ ಮೂಳೇನೂ ರಿಪೇರಿ ಮಾಡ್ತಾ ಇರುತ್ತೆ, ವಯಸ್ಸಾದ ಹಾಗೆ ಕಮ್ಮಿಯಾಗುತ್ತೆ, ಸಕ್ಕರೆ ಬೇರೆ ಸೇರಿದರೆ ಇನ್ನೂ ಕಷ್ಟ. ಅಂದರೆ ಒಳಗೆ ಯಾರೋ ಕೂತು ದಿನವೂ ಹರಿದಲ್ಲಿ ಹೊಲಿಗೆ ಹಾಕುತ್ತಿದ್ದರು, ಅವಳೊಳಗಿನವರು ಯಾವತ್ತೋ ಸೂಜಿ ಕೆಳಗಿಟ್ಟಿದ್ದಾರೆ. ಆ ಹಾರ್ಮೋನನ್ನೇ ಇಂಜೆಕ್ಷನ್ ಕೊಟ್ಟುಬಿಡಿ ಎಂದೆ, ಕೊಟ್ರೆ ಸಕ್ಕರೆ ಏರುತ್ತೆ, ಈಗಲೇ ಮುನ್ನೂರ ನಲವತ್ತಿದೆ, ಇಳಿಯದೆ ಆಪರೇಷನ್ ಮಾಡೋ ಹಾಗಿಲ್ಲ, ತಡವಾದಷ್ಟೂ ಒಳ್ಳೇದಲ್ಲ. ಮತ್ತೆ ನಡೀತಾಳಾ — ಡಾಕ್ಟರಮ್ಮ ಫೈಲಿನ ಹಾಳೆ ತಿರುಗಿಸಿದಳು, ಆ ಹಾಳೆಯಲ್ಲಿ ಏನೂ ಬರೆದಿರಲಿಲ್ಲ, ನಾನು ನೋಡಿದೆ.

ರೀ, ನಾನು ಕುಳ್ಳಿ ಆಗ್ತಾ ಇದೀನಿ, ಮೇಲಿನ ಡಬ್ಬಿ ಕೈಗೆ ಸಿಗಲ್ಲ, ಅವಳು ಹೇಳಿದ್ದು ಎರಡು ವರ್ಷದ ಹಿಂದೆ, ಶೆಲ್ಫು ಬೆಳೆದಿರಬೇಕು ಕಣೇ ಎಂದೆ, ನಕ್ಕಳು, ನಾನೂ ನಕ್ಕೆ, ಸ್ಟೂಲು ತಂದುಕೊಟ್ಟೆ, ಅಲ್ಲಿಗೆ ಮುಗಿಯಿತು. ಅಂಗಡಿಯಲ್ಲಿ ಬಿದ್ದಿದ್ದ ಗುಂಡುಪಿನ್ನು ಹಿಮ್ಮಡಿಗೆ ಚುಚ್ಚಿಕೊಂಡರೂ ಅರ್ಧ ದಿನ ಹಾಗೇ ಓಡಾಡಿದ್ದಳು, ನೋವೇ ಗೊತ್ತಾಗಲಿಲ್ಲ ರೀ, ಸಕ್ಕರೆ ಕಾಯಿಲೆಗೆ ಇದೂ ಒಂದು ಲಾಭ ನೋಡಿ. ಬೇರೆಯವರಿಗೆ ಪ್ರತಿ ಸಲ ಟೇಪು ಹಿಡಿಯುತ್ತೇನೆ, ಹೆಂಡತಿಗೆ ಯಾರು ಹಿಡಿಯುತ್ತಾರೆ, ಹೆಗಲಿಂದ ಪಾದಕ್ಕೆ ಐವತ್ತನಾಲ್ಕು, ಅಳತೆ ಪುಸ್ತಕದ ಮೊದಲ ಹಾಳೆ, ಮದುವೆಯಾದ ವರ್ಷದ್ದು. ಹೋದ ವಾರ ಅವಳೇ ಬಂದು ನಿಂತಳು, ಹಳೇದೆಲ್ಲ ಕಾಲಿಗೆ ಸಿಗುತ್ತೆ, ಈ ಸಲ ಅಳತೆ ತಗೊಂಡೇ ಹೊಲೀರಿ. ಹಿಡಿದೆ, ಐವತ್ತೆರಡು, ನೆಟ್ಟಗೆ ನಿಂತ್ಕೋ ಎಂದೆ, ನಿಂತೇ ಇದೀನಲ್ರೀ, ಮತ್ತೆ ಹಿಡಿದೆ, ಐವತ್ತೆರಡೇ — ಟೇಪು ಸಡಿಲ ಆಗಿದೆ ಎಂದೆ, ಆರು ವರ್ಷ ಬೆವರು ಕುಡಿದ ಟೇಪು, ಎಳೆದೆಳೆದು ಉದ್ದವಾದರೆ ಲೆಕ್ಕ ಕಮ್ಮಿ ತೋರಿಸುತ್ತದೆ, ಯಾವ ದರ್ಜಿಯನ್ನು ಕೇಳಿದರೂ ಹೇಳುತ್ತಾನೆ, ಪುಸ್ತಕ ನೋಡಿ ಐವತ್ತನಾಲ್ಕಕ್ಕೆ ಕತ್ತರಿ ಹಾಕಿದೆ. ತೊಟ್ಟು ನೋಡಿ, ನೆಲ ಗುಡಿಸ್ತಾ ಇದೆ ರೀ, ಎರಡಿಂಚು ಮಡಚಿ ಕೊಡಿ ಎಂದಳು, ಒಂದು ಸಲ ಒಗೆದರೆ ಬಟ್ಟೆ ಕುಗ್ಗುತ್ತೆ, ಸುಮ್ಮನಿರು.

ಇಲ್ಲಿ ಆಸ್ಪತ್ರೆಯಲ್ಲಿ ಎದುರು ಗೋಡೆಗೆ ಎತ್ತರ ನೋಡುವ ಕಬ್ಬಿಣದ ಪಟ್ಟಿ ಹೊಡೆದಿದ್ದಾರೆ, ಇಂಚಿನ ಗೆರೆಗಳು, ಅದರ ಮೇಲೆ ಜಿರಾಫೆಯ ಸ್ಟಿಕ್ಕರು, ಆಗಿನಿಂದ ನೋಡಬಾರದು ಎಂದೇ ಕೂತಿದ್ದೆ, ಈಗ ಕಾಲುಗಳೇ ಎದ್ದಿವೆ, ಮಗಳು ಬಂದಳು, ಅಪ್ಪಾ ಏನ್ ಮಾಡ್ತಾ ಇದೀಯ, ಎಲ್ಲರೂ ನೋಡ್ತಾರೆ, ಕೂತ್ಕೋ — ಕೊರಳಿಂದ ಟೇಪು ತೆಗೆದು ಪಟ್ಟಿಗೆ ಹಚ್ಚಿದೆ, ಸೊನ್ನೆಗೆ ಸೊನ್ನೆ, ಹತ್ತಕ್ಕೆ ಹತ್ತು, ಮೂವತ್ತು, ಐವತ್ತು, ಮತ್ತೆ ಕೆಳಗಿನಿಂದ ಹಚ್ಚಿದೆ, ಐವತ್ತೆರಡಕ್ಕೆ ಐವತ್ತೆರಡು, ಗೆರೆಯ ಮೇಲೆ ಗೆರೆ, ಕೂದಲೆಳೆಯಷ್ಟೂ ಸಡಿಲವಿಲ್ಲ — ಟೇಪು ಸರಿ ಇದೆ, ಮಗಳು ಕೈ ಹಿಡಿದು ಎಳೆಯುತ್ತಿದ್ದಾಳೆ, ಏನಾಯ್ತಪ್ಪಾ ಮಾತಾಡು, ಟೇಪು ಸರಿ ಇದೆ, ಅಡುಗೆಮನೆಯ ಹೊಸ್ತಿಲು, ನೋವು ಗೊತ್ತಾಗದ ಅವಳ ಕಾಲು, ಹೆಬ್ಬೆರಳ ಕೆಳಗೆ ಎರಡಿಂಚು ಬಟ್ಟೆ, ನಾನು ಮಡಚದ ಎರಡಿಂಚು, ಹೆಬ್ಬೆರಳ ಕೆಳಗೆ ಎರಡಿಂಚು ಬಟ್ಟೆ, ಹೆಬ್ಬೆರಳ ಕೆಳಗೆ