ಎಕ್ಕದ ಮದುವಣಗಿತ್ತಿ

ಗಿಡಕ್ಕೆ ಕುತ್ತಿಗೆ ಯಾವುದೆಂದು ವೆಂಕಟೇಶಪ್ಪನಿಗೆ ತಿಳಿಯಲಿಲ್ಲ. ಅರಿಶಿನದ ಕೊಂಬು ಕಟ್ಟಿದ ದಾರ ಹಿಡಿದು ಎಕ್ಕದ ಮುಂದೆ ಬೆಪ್ಪಾಗಿ ನಿಂತ.

"ಎಲ್ಲಾದ್ರೂ ಕಟ್ಟಪ್ಪ, ಅದೇನು ಬೇಡ ಅನ್ನಲ್ಲ," ಎಂದರು ಪುರೋಹಿತ ನರಸಿಂಹಯ್ಯ.

ಪೀಣ್ಯದಲ್ಲಿ ಅವನು ಲೇತ್ ಓಡಿಸುತ್ತಿದ್ದ ಕಾರ್ಖಾನೆಯ ಹಿಂಗೋಡೆ ಅದು. ಮೋರಿಯಲ್ಲಿ ಎಣ್ಣೆನೀರು, ನೆಲದ ತುಂಬ ಕಬ್ಬಿಣದ ಸುರುಳಿ. ಆಚೆ ಬೀದಿಯಲ್ಲಿ ಮೆಟ್ರೊ ಕಂಬ ಏಳುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಅವನು ಈ ಗಿಡವನ್ನು ಕಣ್ಣಿಟ್ಟು ನೋಡಿರಲಿಲ್ಲ. ಯಾರೂ ನೀರೆರೆಯದೆ ಆಳೆತ್ತರ ಬೆಳೆದು ಮೇಣದಲ್ಲಿ ಎರಕ ಹೊಯ್ದಂಥ ನೇರಳೆ ಹೂ ಹೊತ್ತಿತ್ತು. ಒಂದೊಂದು ಹೂವಿನ ನಡುವೆಯೂ ಐದು ಮೂಲೆಯ ಪುಟ್ಟ ಕಿರೀಟ. ಇಷ್ಟು ಅಳತೆ ತಪ್ಪದ ಕೆಲಸ ತನ್ನ ಕೈಯಿಂದ ಒಂದು ದಿನವೂ ಆಗಿರಲಿಲ್ಲ ಅನ್ನಿಸಿತು.

ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನು. ಕಮಲಮ್ಮ ಜ್ವರದಲ್ಲಿ ಹೋದಳು, ಮಹಾಲಕ್ಷ್ಮಿ ಏಳು ತಿಂಗಳ ಬಸುರಿಯಾಗಿ. ನಾಳಿದ್ದು ರಾಣಿಯೊಂದಿಗೆ ಮದುವೆ. ಮೂರನೆಯವಳು ಬಾಳುವುದಿಲ್ಲ ಎಂಬುದು ಮನೆತನದ ನಂಬಿಕೆ. ಮೊದಲು ಎಕ್ಕಕ್ಕೆ ತಾಳಿ ಕಟ್ಟಿ ಕಡಿದುಬಿಟ್ಟರೆ ಸಾವು ಗಿಡದ ಪಾಲಾಗುತ್ತದೆ. ರಾಣಿ ನಾಲ್ಕನೆಯವಳಾಗಿ ಬದುಕಿಕೊಳ್ಳುತ್ತಾಳೆ.

ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಿದ್ದ ರಾಣಿ ಊಟದ ಡಬ್ಬಿ ಹಿಡಿದುಕೊಂಡೇ ಅಲ್ಲಿಗೆ ಬಂದಳು. ಮದುವೆಯ ಹೆಣ್ಣು ಇದನ್ನು ನೋಡಬಾರದೆಂದು ನರಸಿಂಹಯ್ಯ ಗದರಿದರು.

"ಸವತಿ ಹೆಂಗವ್ಳೆ ಅಂತ ನೋಡಾಣ ಅಂತ ಬಂದೆ ಅಯ್ನೋರೆ. ನನಗಿಂತ ಲಕ್ಷಣವಾಗವ್ಳೆ ಬಿಡಿ!"

ವೆಂಕಟೇಶಪ್ಪ ನಗಲಿಲ್ಲ. ದಾರ ಕಟ್ಟಿ ಮಚ್ಚೆತ್ತಿದ. ಬುಡ ಕಾಣಲೆಂದು ಎಲೆ ಸರಿಸಿದವನ ಕೈ ಅಲ್ಲೇ ನಿಂತಿತು. ಎಲೆಯಡಿ ಬೆರಳ ತುದಿಯಷ್ಟು ಗೂಡೊಂದು ತೂಗುತ್ತಿತ್ತು. ಅದರ ಮೈಮೇಲೆ ಚಿನ್ನದ ಚುಕ್ಕೆಗಳು. ಒಳಗೆ ಮಡಿಚಿಟ್ಟ ಕಿತ್ತಳೆ ರೆಕ್ಕೆ ಹೊರಕ್ಕೆ ಕಾಣುತ್ತಿತ್ತು. ಗೂಡು ಅಲುಗಿತು.

"ಒಳಗೆ ಜೀವ ಐತೆ," ಎಂದ.

"ರಾಹುಕಾಲ ಬಂದ್ಬಿಡತ್ತೆ, ಹಾಕಪ್ಪ ಏಟು. ಇವಳು ಉಳೀಬೇಕೋ ಬೇಡ್ವೋ?"

ವೆಂಕಟೇಶಪ್ಪ ರಾಣಿಯ ಕಡೆ ತಿರುಗಿದ. "ಕಡೀದೆ ಬಿಟ್ಟು, ನಿನಗೇನಾದ್ರೂ ಆದ್ರೆ?"

ಅವಳು ಡಬ್ಬಿ ಕೆಳಗಿಟ್ಟು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗೂಡನ್ನು ನೋಡಿದಳು.

"ಬಸುರಿ ಮೇಲೆ ಮಚ್ಚೆತ್ತಿ ಗಳಿಸೋ ಆಯಸ್ಸು ನನಗೆ ಬ್ಯಾಡ ಕಣ್ರೀ. ದೇವರು ಕೊಟ್ಟಷ್ಟೇ ಸಾಕು."

ಅವನು ಮಚ್ಚನ್ನು ನೆಲಕ್ಕಿಟ್ಟು ಕೈಮುಗಿದ.

ಗೂಡು ಬಿರಿಯಿತು. ಒದ್ದೆ ಚಿಟ್ಟೆಯೊಂದು ಮುದುಡಿದ ರೆಕ್ಕೆ ಹೊತ್ತು ಹೊರಬಂದು ಸಿಪ್ಪೆಗೆ ಜೋತುಬಿದ್ದಿತು. ಕಾರ್ಖಾನೆಯ ಸೈರನ್ ಕೂಗಿದರೂ ಮೂವರೂ ಕದಲಲಿಲ್ಲ. ಆಮೇಲೆ ನರಸಿಂಹಯ್ಯ ಒಂದು ಹೆಜ್ಜೆ ಹಿಂದೆ ಸರಿದು, ಅದರ ಮೇಲೆ ಬಿದ್ದಿದ್ದ ತಮ್ಮ ನೆರಳನ್ನು ತೆಗೆದರು.