ದಾನಾರನ ಎಡಗಾಲು

ನನ್ನ ಕೈಗೆ ಕಾಲುಗಳ ನೆನಪಿದೆ, ಮುಖಗಳದ್ದಿಲ್ಲ. ಬಜಾರಿನಲ್ಲಿ ಯಾರಾದರೂ ದೊಡ್ಡಪ್ಪ ಅನ್ನೋ ಹಾಗೆ "ಪಾಕ್‌ಡೆ ತುಕಿಮಾನ್, ನಾನು ಗೊತ್ತಾಗ್ಲಿಲ್ವಾ?" ಅಂದರೆ ನಾನು ಬೆಪ್ಪನ ಹಾಗೆ ನಗುತ್ತೇನೆ. ಅದೇ ಮನುಷ್ಯ ಪ್ಯಾಂಟು ಮೇಲೆತ್ತಿ ಮೀನಖಂಡ ತೋರಿಸಲಿ, ಹೆಸರು, ಊರು, ಯಾವ ವರ್ಷ ಯಾವ ಜಾಗದಲ್ಲಿ ಆಡುತ್ತಿದ್ದ, ಎಲ್ಲ ಹೇಳುತ್ತೇನೆ. ಮೂವತ್ತೆಂಟು ವರ್ಷದಿಂದ ಪುತ್ರ ತೆಬು ಕ್ಲಬ್ಬಿನ ಹುಡುಗರ ಕಾಲು ನೀವುತ್ತಿದ್ದೇನೆ. ಕೊಬ್ಬರಿ ಎಣ್ಣೆಗೆ ಸಣ್ಣೀರುಳ್ಳಿ ಜಜ್ಜಿ ಹಾಕಿ, ಬೆಚ್ಚಗೆ ಮಾಡಿ, ಅಪ್ಪ ಕಲಿಸಿದ ಹಾಗೆ.

ಅಷ್ಟು ವರ್ಷದಲ್ಲಿ ಒಂದೇ ಒಂದು ಕಾಲು ನನ್ನನ್ನು ಹೆದರಿಸಿದೆ.

ದಾನಾರ್ ಬಂದಾಗ ಅವನಿಗೆ ಹದಿನೇಳು. ಅಪ್ಪ ಕಬ್ಬು ಕಡಿಯುವವನು, ಅಮ್ಮ ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಅನ್ನ, ಬೇಯಿಸಿದ ಸೊಪ್ಪು, ಕಡಲೆಕಾಯಿ ಚಟ್ನಿ ಮಾರುವವಳು. ಮೊದಲ ದಿನ ಚಾಪೆ ಮೇಲೆ ಮಲಗಿ "ಕಚಗುಳಿ ಮಾಡ್ಬೇಡಿ ಪಾಕ್‌ಡೆ" ಅಂದ. ಎಡತೊಡೆ ಮೇಲೆ ಕೈಯಿಟ್ಟೆ. ಇಟ್ಟ ಕೈ ಹಾಗೇ ನಿಂತಿತು. ಎಲ್ಲರ ಕಾಲಲ್ಲೂ ಎಲ್ಲೋ ಒಂದು ಕಡೆ ಗಂಟು ಇರುತ್ತದೆ, ಹುಟ್ಟಿದ ಮಗುವಿನ ಕಾಲಲ್ಲೂ ಇರುತ್ತದೆ. ಇವನ ಕಾಲಲ್ಲಿ ಎಲ್ಲೂ ಇಲ್ಲ. ಹೊಳೆಯಲ್ಲಿ ದೊಡ್ಡ ಮೀನೊಂದು ನಮ್ಮ ಕಾಲಿಗೆ ಮೈ ಸವರಿಕೊಂಡು ಹೋದಾಗ ಹೇಗಾಗುತ್ತೆ, ಹಾಗೆ ಸ್ನಾಯು ನನ್ನ ಅಂಗೈ ಕೆಳಗೆ ಹೊರಳಿ ತನ್ನ ಪಾಡಿಗೆ ತಾನು ಹೋಯಿತು. ನಾನು ಬಿಸ್ಮಿಲ್ಲಾ ಹೇಳೋದು ಮರೆತು ಎಣ್ಣೆ ಹಚ್ಚಿದ್ದು ಅವತ್ತೊಂದೇ ದಿನ.

ಈಗ ಅವನಿಗೆ ಇಪ್ಪತ್ತೊಂದು. ನಮ್ಮ ಕ್ಲಬ್ಬಿಗೆ ಅವನನ್ನು ಇಟ್ಟುಕೊಳ್ಳುವ ಯೋಗ್ಯತೆ ಇಲ್ಲ. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ನಮ್ಮದು ಎರಡನೇ ದರ್ಜೆಯ ಲೀಗು. ಮೊದಲು ಜಿಲ್ಲಾ ಆಫೀಸಿನವರು ಸಂಬಳ ಕೊಡುತ್ತಿದ್ದರು, ಸರಕಾರದ ದುಡ್ಡು ಫುಟ್‌ಬಾಲಿಗೆ ಹೋಗಬಾರದು ಅಂತ ಆದಮೇಲೆ ಅದು ನಿಂತಿತು. ಅಲ್ಲಿಂದೀಚೆಗೆ ಕ್ಲಬ್ಬು ನಿಂತಿರೋದು ಮಾಲೀಕರಾದ ಅಬಾ ಮುನೀರ್ ಅವರ ಸೀಗಡಿ ಹಪ್ಪಳದ ವ್ಯಾಪಾರದ ಮೇಲೆ. ಅಬಾ ಅಂದರೆ ಅಪ್ಪ, ಎಲ್ಲರೂ ಅವರನ್ನು ಹಾಗೇ ಕರೆಯೋದು. ಹಪ್ಪಳ ಹೋದರೆ ಸಂಬಳ, ಹೋಗದಿದ್ದರೆ ಹಪ್ಪಳ. ತಮಾಷೆಯಲ್ಲ, ಒಂದು ಈದ್ ಹಬ್ಬಕ್ಕೆ ಗೋಲ್‌ಕೀಪರನಿಗೆ ನಾಲ್ಕು ಮೂಟೆ ಹಪ್ಪಳವೇ ಬಂದಿತ್ತು.

ನಮ್ಮಲ್ಲಿ ಒಪ್ಪಂದ ವರ್ಷಕ್ಕೊಂದು. ಎರಡು ವರ್ಷದ್ದು ಬರೆಯಬೇಕಾದರೆ ಎರಡನೇ ವರ್ಷದ ಸಂಬಳ ಎಲ್ಲಿಂದ ಅಂತ ಗೊತ್ತಿರಬೇಕಲ್ಲ. ಹಾಗಾಗಿ ಲೀಗು ಮುಗಿದ ದಿನ ದೊಡ್ಡ ಕ್ಲಬ್ಬಿನವರು ಬಂದು, ಒಂದು ರೂಪಾಯಿ ಕೂಡ ನಮಗೆ ಕೊಡದೆ, ಸಂತೆಯಲ್ಲಿ ಹಣ್ಣು ಆರಿಸಿದ ಹಾಗೆ ಆರಿಸಿಕೊಂಡು ಹೋಗುತ್ತಾರೆ. ಐದು ವರ್ಷದಲ್ಲಿ ಏಳು ಜನ ಹೋದರು. ಹೋಗುವಾಗ ಎಲ್ಲರೂ ಅಬಾ ಅವರ ಕೈಗೆ ಮುತ್ತಿಟ್ಟು ಅತ್ತರು. ಅಬಾನೂ ಅತ್ತರು. ಆಮೇಲೆ ಮುಂದಿನ ವರ್ಷ ನಾವು ಹನ್ನೊಂದನೇ ಸ್ಥಾನ.

ಈ ಸಲ ಮಾತ್ರ ಒಂದು ದಾರಿ ಕಂಡಿತ್ತು. ಒಂದು ನೂಡಲ್ಸ್ ಕಂಪನಿಯವರು ಅಂಗಿ ಮೇಲೆ ಹೆಸರು ಹಾಕಿಸೋಕೆ ಒಪ್ಪಿದ್ದರು, ಮೂರು ವರ್ಷಕ್ಕೆ. ಷರತ್ತು ಒಂದೇ, ದಾನಾರ್ ಇರಬೇಕು. ದಾನಾರನೂ ಅಬಾಗೆ ಮಾತು ಕೊಟ್ಟಿದ್ದ: "ದೊಡ್ಡವ್ರು ಯಾರೂ ಕರೀಲಿಲ್ಲ ಅಂದ್ರೆ ನಿಮ್ಮ ಹತ್ರಾನೇ ಸೈನ್ ಹಾಕ್ತೀನಿ ಅಬಾ." ಅಷ್ಟು ಹೇಳಿದ್ದೇ ದೊಡ್ಡದು. ಎರಡೂವರೆ ತಿಂಗಳ ಸಂಬಳ ಬಾಕಿ ಇದ್ದ ಹುಡುಗ ಅವನು. ಖರ್ಚಿಗಿಲ್ಲದೆ ಊರೂರಿನ ಪಂದ್ಯಗಳಲ್ಲಿ ಸುಳ್ಳು ಹೆಸರು ಹೇಳಿ, ತಲೆಗೆ ವಸ್ತ್ರ ಸುತ್ತಿಕೊಂಡು ಆಡುತ್ತಿದ್ದ. ಚೆಂಡು ಎಡಗಾಲಿಗೆ ಬಂದ ಕೂಡಲೇ ಊರಿಗೂರೇ "ಏ ದಾನಾರ್!" ಅಂತ ಕೂಗುತ್ತಿತ್ತು.

ಕೊನೆಯ ಪಂದ್ಯಕ್ಕೆ ಮೂರು ದಿನ ಇರುವಾಗ ಅಬಾ ನನ್ನ ಕೋಣೆಗೆ ಬಂದರು. ಚಾಪೆ ಮೇಲೆ ಕೂತರು. ಎಂದೂ ಹಾಗೆ ಕೂರದವರು ಅವರು.

"ತುಕಿಮಾನ್, ರಾಜಧಾನಿ ಕ್ಲಬ್ಬಿಂದ ರುಸ್ಮಾನ್ ಬರ್ತಿದಾನೆ."

"ನಮ್ಮ ರುಸ್ಮಾನಾ?"

"ನಿಮ್ಮ ಅಪ್ಪನ ಹತ್ರ ಕಲಿತವನೇ. ಈಗ ಅವರ ಕಡೆ ಕಾಲು ನೀವೋನು. ದಾನಾರ್‌ಗೆ ಹೋದ ವರ್ಷ ಎಡ ಮಂಡಿ ಊದಿತ್ತಲ್ಲ, ಅದು ಅವರ ಕಿವಿಗೆ ಬಿದ್ದಿದೆ."

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಆಸ್ಪತ್ರೆಯ ಚಿತ್ರ ಇರುತ್ತದೆ, ಡಾಕ್ಟರ ಸಹಿ ಇರುತ್ತದೆ. ಆದರೆ ಕಾಗದವನ್ನು ನಂಬಿ ಆಟಗಾರನನ್ನು ತೆಗೆದುಕೊಂಡು ಕೈಸುಟ್ಟುಕೊಂಡವರು ಬಹಳ ಜನ. ಹಾಗಾಗಿ ಸಹಿ ಹಾಕಿಸುವ ಮುಂಚೆ ತಮ್ಮ ನೀವುವವನನ್ನು ಕಳಿಸಿ ನಮ್ಮ ನೀವುವವನನ್ನು ಕೇಳಿಸುತ್ತಾರೆ. ಇವನು ಹೇಳಿದ್ದೇ ಕೊನೆಯ ಮಾತು.

"ಒಳಗೆ ಮರಳು ಕೂತಿದೆ ಅಂದ್ಬಿಡು," ಅಂದರು ಅಬಾ. "ಅಷ್ಟೇ. ಒಂದು ಮಾತು." ಮರಳು ಅಂದರೆ ನಮ್ಮ ಕಸುಬಿನಲ್ಲಿ ಕೀಲು ಸವೆದು ಒಳಗೆ ಕರಕರ ಅನ್ನೋದು.

"ಅಬಾ, ಆ ಮಂಡಿ ನಾನೇ ಸರಿ ಮಾಡಿದ್ದು."

"ಗೊತ್ತು ಮಾರಾಯ. ಅದಕ್ಕೇ ನೀನು ಹೇಳಿದ್ರೆ ನಂಬ್ತಾರೆ." ಸ್ವಲ್ಪ ಹೊತ್ತು ಎಣ್ಣೆ ಬಟ್ಟಲನ್ನೇ ನೋಡಿದರು. "ನೂಡಲ್ಸ್‌ನವರು ಬರ್ಲಿಲ್ಲ ಅಂದ್ರೆ ಬಾಗಿಲು ಹಾಕ್ತೀನಿ. ಮೆಸ್ಸಿನ ಅಡುಗೆಯವಳು, ಇಪ್ಪತ್ಮೂರು ಹುಡುಗ್ರು, ನೀನು. ಎಲ್ರೂ ಮನೆಗೆ. ನಾನಂತೂ ಮನೇಲೂ ಇರೋ ಹಾಗಿಲ್ಲ, ಹೆಂಡ್ತಿ ಹಪ್ಪಳದ ಜೊತೆ ನನ್ನನ್ನೂ ಎಣ್ಣೇಲಿ ಕರೀತಾಳೆ."

ನಾನು ಹೂಂ ಅಂದೆ.

ರುಸ್ಮಾನ್ ಬಂದದ್ದು ಪಂದ್ಯದ ದಿನ ಮಧ್ಯಾಹ್ನ. ಹೊಟ್ಟೆ ಬಂದಿತ್ತು, ಕೊರಳಲ್ಲಿ ದೊಡ್ಡ ಕ್ಲಬ್ಬಿನ ಗುರುತಿನ ಚೀಟಿ. ಆದರೂ ನನ್ನನ್ನು ಕಂಡ ಕೂಡಲೇ ಬಗ್ಗಿ ಕೈ ಹಿಡಿದು ಹಣೆಗೊತ್ತಿಕೊಂಡ. ಸ್ಟೇಡಿಯಮ್ಮಿನ ಎದುರಿನ ಕಾಫಿ ಅಂಗಡಿಯಲ್ಲಿ ಕೂತೆವು. ಅವನು ಮೊದಲು ಅಪ್ಪನ ಗೋರಿ ಯಾರು ಗುಡಿಸುತ್ತಾರೆ ಅಂತ ಕೇಳಿದ, ಆಮೇಲೆ ನನ್ನ ಹೆಂಡತಿಯ ಸಕ್ಕರೆ ಕಾಯಿಲೆ ಕೇಳಿದ. ಕೊನೆಗೆ, ಮೊದಲಿನ ಹಾಗೇ ಅಣ್ಣ ಅನ್ನೋ ಅರ್ಥದಲ್ಲಿ ಚಾಕ್ ಅಂತ ಕರೆದು, "ಚಾಕ್, ಆ ಹುಡುಗನ ಎಡ ಮಂಡಿ ಹೇಗಿದೆ?"

ನಾನು ಕಾಫಿಯ ಗಸಿಯನ್ನು ನೋಡುತ್ತಾ ಹೇಳಿದೆ. "ಒಳಗೆ ಮರಳು ಕೂತಿದೆ ರುಸ್ಮಾನ್. ಒಂದು ವರ್ಷ ಬರುತ್ತೆ. ಎರಡು ಕಷ್ಟ."

ಅವನು ಕಪ್ಪು ಕೆಳಗಿಟ್ಟ. "ಪಾಪ," ಅಂದ. ತಾನೇ ಮುಟ್ಟಿ ನೋಡುತ್ತೇನೆ ಅನ್ನಲಿಲ್ಲ. ಅನ್ನುವ ಹಾಗೂ ಇಲ್ಲ. ಒಬ್ಬ ನೀವುವವನ ಕೈಯಲ್ಲಿರುವ ಮೈಯನ್ನು, ಅವನಾಗಿ ಕರೆಯದೆ, ಇನ್ನೊಬ್ಬ ನೀವುವವನು ಮುಟ್ಟಬಾರದು, ಮುಟ್ಟಲಾ ಅಂತ ಕೇಳಲೂಬಾರದು. ಕೇಳಿದರೆ ನಿನ್ನ ಮಾತು ನಂಬಲಿಲ್ಲ ಅಂದ ಹಾಗೆ. ನನ್ನ ಅಪ್ಪನೇ ಇದನ್ನು ಅವನ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದು. "ಆಟ ನೋಡ್ಬಿಟ್ಟು ಫೋನ್ ಮಾಡ್ತೀನಿ," ಅಂದ. "ಇಷ್ಟು ದೂರ ಬಂದಿದೀನಿ, ನೋಡ್ಲಾರದೆ ಹೋಗೋದ್ಯಾಕೆ."

ಕಬ್ಬು ಅರೆಯುವ ಕಾಲ. ಕಾರ್ಖಾನೆಯ ಮಸಿ ಕಪ್ಪು ಹತ್ತಿಯ ಹಾಗೆ ಮೈದಾನದ ಮೇಲೆ ಉದುರುತ್ತಿತ್ತು. ಒಣಗಿದ ನೆಲ, ಅಲ್ಲೊಂದು ಇಲ್ಲೊಂದು ಹುಲ್ಲು. ಮೊದಲ ಅರ್ಧದಲ್ಲಿ ಏನೂ ಆಗಲಿಲ್ಲ. ನನ್ನ ಪಕ್ಕ ಕೂತು ರುಸ್ಮಾನ್ ಅಬಾ ಅವರದೇ ಹಪ್ಪಳ ತಿನ್ನುತ್ತಾ "ಎಣ್ಣೆ ಜಾಸ್ತಿ" ಅನ್ನುತ್ತಿದ್ದ. ಮೇಲಿನ ಸಾಲಿನಲ್ಲಿ ಯಾರೋ "ದಾನಾರ್, ಬಾಕಿ ಸಂಬಳ ಬಂದ್ಮೇಲೆ ಓಡ್ತೀಯೇನೋ?" ಅಂತ ಕೂಗಿದ. ಅಬಾ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಅರವತ್ತನೇ ನಿಮಿಷ ಇರಬೇಕು. ನಮ್ಮ ಅರ್ಧದಲ್ಲಿ, ಬದಿಯ ಗೆರೆ ಹತ್ತಿರ, ದಾನಾರನಿಗೆ ಚೆಂಡು ಬಂತು. ಮೂವರು ಮುತ್ತಿದರು. ಇವನು ನಿಂತುಬಿಟ್ಟ. ಓಡಲಿಲ್ಲ, ತಿರುಗಲಿಲ್ಲ, ಪಾದದಡಿ ಚೆಂಡು ಇಟ್ಟುಕೊಂಡು ಬಸ್ಸಿಗೆ ಕಾಯುವವನ ಹಾಗೆ ನಿಂತ. ಆ ಮೂವರೂ ನಿಂತರು. ಯಾಕೆ ನಿಂತರು ಅಂತ ಅವರಿಗೂ ಗೊತ್ತಿಲ್ಲ. ನಾನು ಎಷ್ಟೋ ಸಾವಿರ ಜನರ ಗದ್ದಲದಲ್ಲಿ ಕೂತಿದ್ದೆ, ಆ ಕ್ಷಣ ಕಾರ್ಖಾನೆಯ ಗಾಣ ತಿರುಗುವ ಸದ್ದು ಮಾತ್ರ ಕೇಳಿತು. ಆಮೇಲೆ ಎಡಗಾಲು ಅಲ್ಲಾಡಿತು. ಒದೆಯಲಿಲ್ಲ ಅವನು, ಚೆಂಡನ್ನು ಕಳಿಸಿದ. ಅದು ಬೀಳುವ ಮಸಿಯ ನಡುವೆ ದಾರಿ ಮಾಡಿಕೊಂಡು, ಮೈದಾನದ ಇನ್ನೊಂದು ತುದಿಯವರೆಗೆ ಬಾಗಿ ಬಾಗಿ ಹೋಗಿ, ಅಲ್ಲಿ ತಲೆ ಕೂಡ ಎತ್ತದೆ ಓಡುತ್ತಿದ್ದ ನಮ್ಮ ಹುಡುಗನ ಬೂಟಿನ ಮುಂದೆ, ಹಕ್ಕಿ ಕೂತ ಹಾಗೆ ಕೂತಿತು. ಅವನು ತಟ್ಟಿದ. ಗೋಲು.

ಯಾರೂ ಕೂಗಲಿಲ್ಲ. ಕೂಗು ಬಂದದ್ದು ಒಂದು ಉಸಿರಿನಷ್ಟು ತಡವಾಗಿ. ಎದುರಾಳಿ ಗೋಲ್‌ಕೀಪರ್ ಬಿದ್ದಲ್ಲೇ ಕೂತು, ಗೋಲು ಹೊಡೆದವನನ್ನು ಬಿಟ್ಟು, ದೂರದಲ್ಲಿದ್ದ ದಾನಾರನ ಕಡೆ ನೋಡಿ ಕೈಗವಸು ಬಡಿದು ಚಪ್ಪಾಳೆ ತಟ್ಟುತ್ತಿದ್ದ.

ರುಸ್ಮಾನ್ ಬಾಯಲ್ಲಿದ್ದ ಹಪ್ಪಳ ಅಗಿಯುವುದು ನಿಂತಿತ್ತು. "ಯಾ ಅಲ್ಲಾ," ಅಂದ. ಆಮೇಲೆ ನನ್ನ ಕಡೆ ತಿರುಗಿದ, ಕಣ್ಣಲ್ಲಿ ನೀರು. "ಇಂಥ ಮಂಡಿಯೊಳಗೆ ಮರಳು ಹಾಕಿದಾನಲ್ಲ ದೇವರು, ಚಾಕ್. ಯಾಕೆ ಹೀಗ್ ಮಾಡ್ತಾನೆ?"

ನಾನು ಮಾಡಿದ ಕೆಲಸಕ್ಕೆ ದೇವರು ಬೈಸಿಕೊಳ್ಳುತ್ತಿದ್ದ.

ಆಟ ಮುಗಿದ ಮೇಲೆ ನಾನು ಚಾಪೆ ಹಾಸಿದೆ. ದಾನಾರ್ ಸ್ನಾನ ಮುಗಿಸಿ ಬಂದು ಮಲಗಿದ. ರುಸ್ಮಾನ್ ಬಾಗಿಲ ಹೊರಗೆ ಫೋನು ಕೈಯಲ್ಲಿ ಹಿಡಿದು ನಿಂತಿದ್ದ, ಇನ್ನೂ ಒತ್ತಿರಲಿಲ್ಲ. ಅವನು ಒಳಗೆ ಬರುವಂತಿರಲಿಲ್ಲ, ಅದು ನನ್ನ ಕೋಣೆ.

ಮಂಡಿ ಮೇಲೆ ಕೈಯಿಟ್ಟೆ. ತೊಂಬತ್ತು ನಿಮಿಷ ಆ ನೆಲದ ಮೇಲೆ ಆಡಿ ಬಂದ ಮಂಡಿ, ಬೆಳಗ್ಗೆ ಎದ್ದ ಹಾಗೆ ತಣ್ಣಗಿತ್ತು. ನಾಲ್ಕು ವರ್ಷ ದಿನಾ ಮುಟ್ಟಿದ್ದೇನೆ, ಇನ್ನೂ ನನ್ನ ಕೈಗೆ ಅದು ರೂಢಿಯಾಗಿಲ್ಲ.

"ರುಸ್ಮಾನ್," ಅಂತ ಕರೆದೆ. "ಬಾ ಇಲ್ಲಿ. ಮುಟ್ಟಿ ನೋಡು."

ಅವನು ಬೆಚ್ಚಿ ನೋಡಿದ. "ಬೇಡ ಚಾಕ್. ನೀವು ಹೇಳಿದೀರಲ್ಲ."

"ನಾನೇ ಕರೀತಿದೀನಿ. ಕೈ ತೊಳ್ಕೊಂಡು ಬಾ, ಹಪ್ಪಳದ ಎಣ್ಣೆ ಇದೆ."

ಅವನು ಕೈ ತೊಳೆದು, ಮೊಣಕಾಲೂರಿ ಕೂತು, ಅಪ್ಪ ಕಲಿಸಿದ ಹಾಗೆ ಮೊದಲು ಹೆಬ್ಬೆರಳು, ಆಮೇಲೆ ಅಂಗೈ ಇಟ್ಟ. ಮಂಡಿ ಮಡಿಸಿದ, ಬಿಡಿಸಿದ. ಮತ್ತೆ ಮಡಿಸಿದ. ಅವನ ಬೆರಳುಗಳು ನಿಧಾನವಾಗುತ್ತಾ ಹೋದವು. ಕೊನೆಗೆ ನಿಂತವು. ನಾಲ್ಕು ವರ್ಷದ ಹಿಂದೆ ನನ್ನ ಮುಖ ಹೇಗಿತ್ತು ಅಂತ ನನಗೆ ಅವತ್ತು ಗೊತ್ತಾಯಿತು.

"ಮರಳು ಎಲ್ಲಿದೆ ಚಾಕ್?" ಪಿಸುಗುಟ್ಟಿದ.

"ನನ್ನ ಬಾಯಲ್ಲಿತ್ತು."

"ಏನು ಮರಳು?" ಅಂದ ದಾನಾರ್, ತಲೆ ಎತ್ತಿ. "ಏನ್ ಮಾತಾಡ್ತಿದೀರಿ ಇಬ್ರೂ?"

ರುಸ್ಮಾನ್ ಅಲ್ಲೇ ಕೂತು, ಒಂದು ಕೈಯನ್ನು ಆ ಮಂಡಿ ಮೇಲಿಂದ ತೆಗೆಯದೆಯೇ, ಇನ್ನೊಂದು ಕೈಯಿಂದ ಫೋನು ಒತ್ತಿದ. "ಹೂಂ ಬಾಸ್. ಮುಟ್ಟಿದೆ. ನೆಟ್ಟಗಿದೆ... ಇಲ್ಲ, ನೆಟ್ಟಗಿದೆ ಅಂದ್ರೆ ಸಾಲದು. ನೀವು ನಾಳೇನೇ ಕಾಗದ ಕಳಿಸಿ."

ಬಾಗಿಲಲ್ಲಿ ಅಬಾ ಮುನೀರ್ ನಿಂತಿದ್ದರು. ಯಾವಾಗ ಬಂದರೋ. ತಲೆಯ ಬಿಳಿ ಟೋಪಿ ಮೇಲೆ ಮಸಿ ಕೂತಿತ್ತು. ಎಲ್ಲ ಕೇಳಿಸಿಕೊಂಡಿದ್ದಾರೆ ಅಂತ ಮುಖದಲ್ಲೇ ಇತ್ತು. ದಾನಾರ್ ಗಡಬಡಿಸಿ ಏಳಲು ಹೋದ. ಅಬಾ ನನ್ನನ್ನು ಬೈಯಲಿ ಅಂದುಕೊಂಡೆ, ಹೊಡೆದರೂ ಸರಿ, ಕ್ಲಬ್ಬಿನ ಬಾಗಿಲು ಹಾಕಿದ್ದು ನನ್ನ ಕೈ.

"ಮೂರು ದಿನದ ಹಿಂದೆ ಹೂಂ ಅಂದಿದ್ದೆ ನೀನು," ಅಂದರು ಅಬಾ.

"ಅಂದಿದ್ದೆ ಅಬಾ. ಅವನಿಗೂ ಸುಳ್ಳು ಹೇಳಿದ್ದೆ. ಆಮೇಲೆ ಆಟ ನೋಡಿದೆ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಚಾಪೆಯ ತುದಿಯಲ್ಲಿ ನಿಂತು ದಾನಾರನ ಕಾಲನ್ನೇ ನೋಡಿದರು.

"ಹಾಗಾದ್ರೆ ನೀನು ಹೋಗ್ತೀಯ," ಅಂದರು ಅವನಿಗೆ.

"ಹೂಂ ಅಬಾ," ಅಂದ ದಾನಾರ್.

ಅಬಾ ತಲೆಯಾಡಿಸಿದರು. ಟೋಪಿ ತೆಗೆದು ಮಸಿ ಒದರಿದರು, ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಸೊಸೆಯನ್ನು ನೀರು ಕೇಳುವ ಮಾವನ ಹಾಗೆ ಸಂಕೋಚದಿಂದ ಕೇಳಿದರು: "ತುಕಿಮಾನ್, ನಾಲ್ಕು ವರ್ಷ ಇದಕ್ಕೆ ಅನ್ನ ಹಾಕಿದೀನಿ. ಒಂದ್ಸಲನೂ ಮುಟ್ಟಿಲ್ಲ. ನಾನೂ ನೋಡ್ಬಹುದಾ?"

ನಾನು ಜಾಗ ಬಿಟ್ಟೆ. ಅವರು ಕಷ್ಟಪಟ್ಟು ಕೂತು, ಎಲ್ಲಿಡಬೇಕು ಅಂತ ಗೊತ್ತಾಗದೆ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡರು. ರುಸ್ಮಾನ್ ಅವರ ಮಣಿಕಟ್ಟು ಹಿಡಿದು ತೊಡೆಯ ಮೇಲಿಟ್ಟ. "ಈಗ ನೀನು ಸ್ವಲ್ಪ ಬಿಗಿ ಮಾಡು," ಅಂದೆ ದಾನಾರನಿಗೆ. ಸ್ನಾಯು ಹೊರಳಿತು. ಅಬಾ ಕೈ ಹಿಂದಕ್ಕೆಳೆದುಕೊಂಡರು, ಮತ್ತೆ ಇಟ್ಟರು, ಆಮೇಲೆ ತೆಗೆಯಲಿಲ್ಲ. ಮೂವರು ಮುದುಕರು ಒಂದು ಕಾಲಿನ ಸುತ್ತ ಕೂತಿದ್ದೆವು.

"ಅಬಾ," ಅಂದ ದಾನಾರ್ ಕೊನೆಗೆ, ತುಟಿ ಕಚ್ಚಿಕೊಂಡು, "ತಪ್ಪು ತಿಳ್ಕೋಬೇಡಿ, ಕಚಗುಳಿ ಆಗ್ತಿದೆ."

"ಸುಮ್ನೆ ಮಲಗೋ," ಅಂದರು ಅಬಾ. "ಇನ್ನೂ ನೋಡ್ತಿದೀನಿ."