ಪರೀಕ್ಷೆಯ ಹಿಂದಿನ ದಿನ, ಮಸ್ಕಿಯಲ್ಲಿ

ಗುಲಾಬಿ ನೀರಿನ ವಾಸನೆ ಇನ್ನೂ ತೋಳಿನ ಮೇಲಿದೆ, ಡೀಸೆಲ್ ಹೊಗೆಯೊಳಗೆ ಒಮ್ಮೆ ಬರುತ್ತದೆ ಒಮ್ಮೆ ಹೋಗುತ್ತದೆ, ಸಿಂಧನೂರ್ರೀ ಸಿಂಧನೂರ್ ಎಂದು ಕಂಡಕ್ಟರ್ ಕೂಗುತ್ತಿದ್ದಾನೆ, ಕಿಟಕಿಯಾಚೆ ಮಸ್ಕಿಯ ಗುಡ್ಡ, ಬಂಡೆಯ ಮೇಲೆ ಬಂಡೆ, ಯಾವುದು ಯಾವುದನ್ನು ಹೊತ್ತಿದೆಯೋ ತಿಳಿಯುವುದಿಲ್ಲ — ನಾಳೆ ಬೆಳಿಗ್ಗೆ ಹೈದರಾಬಾದಿನಲ್ಲಿ ಗಣಿತದ ಪರೀಕ್ಷೆ, ನಾನು ಇಲ್ಲಿ ಬಸ್ಸು ಹೊರಡುವುದನ್ನು ಕಾಯುತ್ತಿದ್ದೇನೆ, ಯಾಕೆ ಬಂದೆ, ನಿನ್ನೆ ಮಧ್ಯಾಹ್ನದವರೆಗೂ ಬರುವುದಿಲ್ಲವೆಂದೇ ಇತ್ತು, ರಾಜಾಬೀಗೆ ಫೋನಿನಲ್ಲಿ ಹೇಳಿಯೂ ಆಗಿತ್ತು, ನಿನ್ನ ಮದುವೆಯ ಮರುದಿನವೇ ಪರೀಕ್ಷೆ ಬಿದ್ದಿದೆ ಎಂದು, ಅವಳು ಅತ್ತ ಕಡೆಯಿಂದ, ನೀ ಓದಲೇ ಶಿವಿ, ಲಗ್ನದಾಗ ಏನೈತಿ, ವಿಡಿಯೋ ಕಳಸ್ತೀನಿ ಎಂದಳು, ನನಗೆ ಹಗುರವೂ ಆಯಿತು, ಆಗಬಾರದಿತ್ತೇನೋ, ಆಮೇಲೆ ಗ್ರಂಥಾಲಯದಿಂದ ಚೀಲ ಹೆಗಲಿಗೆ ಹಾಕಿಕೊಂಡು ಚಹಾಕ್ಕೆಂದು ಎದ್ದವಳು ಗೇಟಿನಲ್ಲಿ ಚಹಾ ಕುಡಿಯದೆ ಬಸ್ ಹತ್ತಿದೆ, ಅದನ್ನು ನಿರ್ಧಾರ ಅನ್ನಬಹುದೇ, ಯಾರಾದರೂ ಕೇಳಿದರೆ ಏನು ಹೇಳಲಿ, ಕಾಲು ಹೋಯಿತು, ನಾನು ಅದರ ಹಿಂದೆ ಹೋದೆ.

ಲಿಂಗಸುಗೂರಿನ ಬಜಾರದಲ್ಲಿ ನಮ್ಮದು ಬಟ್ಟೆ ಅಂಗಡಿ, ಪಕ್ಕದ್ದು ಲಾಲ್‌ಸಾಬ್ ಕಾಕಾನ ಹೊಲಿಗೆ ಅಂಗಡಿ, ನಮ್ಮಲ್ಲಿ ಕೊಂಡದ್ದನ್ನು ಅಲ್ಲಿ ಹೊಲಿಸುತ್ತಿದ್ದರು, ಎರಡರ ನಡುವೆ ಓಡಾಡಿಕೊಂಡು ನಾನು ಮತ್ತು ಕಾಕಾನ ಮಗಳು ರಾಜಾಬೀ, ಒಂದೇ ಶಾಲೆ ಒಂದೇ ಬೆಂಚು, ಹತ್ತನೆಯದು ಮುಗಿದ ಮೇಲೆ ಅವರು ಮಸ್ಕಿಗೆ ಬಂದುಬಿಟ್ಟರು, ನಾನು ಪಿಯುಸಿ, ಆಮೇಲೆ ಹೈದರಾಬಾದಿನ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ, ದೇಶದ ತುಂಬ ಬರೆದವರಲ್ಲಿ ಒಂದು ಕೋಣೆಯಲ್ಲಿ ಕೂರುವಷ್ಟು ಮಂದಿಗೆ ಮಾತ್ರ ಸೀಟು, ಅದರಲ್ಲಿ ಒಂದು ನನಗೆ, ಅವ್ವ ಬಜಾರಕ್ಕೆಲ್ಲ ಪೇಢೆ ಹಂಚಿ ಬಂದು ನನ್ನ ಗಲ್ಲ ಹಿಡಿದು ಹೇಳಿದ್ದು, ಅಲ್ಲಿ ದೋಸ್ತಿ ಗೀಸ್ತಿ ಅಂತ ಹಚ್ಚಿಕೋಬ್ಯಾಡ, ಓದಾಕ ಹೋಗಿ ಓದಿಕೊಂಡು ಬಾ. ಹಾಗೇ ಮಾಡಿದೆ, ಮೊದಲ ವರ್ಷವೆಲ್ಲ ಹಾಗೇ ಮಾಡಿದೆ, ಮೆಸ್ಸಿನಲ್ಲಿ ಬೇಗ ಉಂಡು ಏಳುತ್ತಿದ್ದೆ, ಸಂಜೆ ಎಲ್ಲರೂ ಕೆರೆಯ ಬಂಡೆಗಳ ಮೇಲೆ ಕೂತು ಹಾಡುವಾಗ ನನ್ನ ಕಿಟಕಿ ಮುಚ್ಚಿರುತ್ತಿತ್ತು, ರೂಮಿನಲ್ಲಿರುವ ಮೈಸೂರಿನ ಅಮೂಲ್ಯಾ ಒಂದು ದಿನ, ನೀನು ರೂಮ್‌ಮೇಟಾ ಇಲ್ಲ ರೂಮಿಗೆ ಬಂದ ನೆಂಟಳೇನೇ ಎಂದಳು, ನಗುತ್ತಲೇ ಅಂದಳು, ಆದರೂ ಆ ರಾತ್ರಿ ಪುಟ ಮುಂದೆ ಹೋಗಲಿಲ್ಲ. ಎರಡನೆಯ ವರ್ಷ ಕಿಟಕಿ ತೆರೆದೆ, ಬಂಡೆಯ ಮೇಲೆ ಕೂತೆ, ಉತ್ಸವಕ್ಕೆ ಕುಣಿದೆ, ಆಸೀಫ್ ಎಂಬ ಹುಡುಗ ನನ್ನ ರಾಯಚೂರು ಕನ್ನಡ ಕಲಿತು ಎಲ್ಲರಿಗೂ ಹೆಂಗದೀರಿ ಅನ್ನತೊಡಗಿದ, ಎಷ್ಟು ನಕ್ಕೆವು, ಆ ಸಲ ಒಂದು ವಿಷಯದಲ್ಲಿ ಫೇಲಾಗುವ ಅಂಚಿಗೆ ಬಂದು ನಿಂತೆ, ಪ್ರೊಫೆಸರ್ ಕರೆದು, ಹೋದ ವರ್ಷದ ಹುಡುಗಿ ನೀನೇ ಅಲ್ಲವೇ ಎಂದು ಕೇಳಿದರು, ಬೈಯಲಿಲ್ಲ, ನಿಜವಾಗಿ ಗುರುತು ಹತ್ತದವರಂತೆ ಕೇಳಿದರು — ಯಾವ ಹುಡುಗಿ, ಮುಚ್ಚಿದ ಕಿಟಕಿಯವಳೋ ಕುಣಿದವಳೋ, ನನಗೂ ಗುರುತು ಹತ್ತಲಿಲ್ಲ, ಅಂದಿನಿಂದ ಎರಡನ್ನೂ ತೂಗಿಸಿಕೊಂಡು ಹೋಗೋಣವೆಂದು ಶುಕ್ರವಾರ ಸಂಜೆ ಮಾತ್ರ ಗೆಳೆಯರಿಗೆ ಎಂದಿಟ್ಟುಕೊಂಡೆ, ಶುಕ್ರವಾರ ಬರುತ್ತದೆ, ಬಂಡೆಯ ಮೇಲೆ ಕೂತು ಲೆಕ್ಕಗಳ ಬಗ್ಗೆ ಯೋಚಿಸುತ್ತೇನೆ, ಸೋಮವಾರ ಲೆಕ್ಕದ ಮುಂದೆ ಕೂತು ಬಂಡೆಯ ಬಗ್ಗೆ, ಎರಡೂ ಕಡೆ ಅರ್ಧ ಹೋಗುತ್ತೇನೆ, ಉಳಿದ ಅರ್ಧ ಎಲ್ಲಿರುತ್ತದೆ.

ಬಸ್ಸು ಹೊರಟಿತು, ಅಪ್ಪ ಕೆಳಗೆ ನಿಂತಿದ್ದಾನೆ, ಕೈ ಎತ್ತಲಿಲ್ಲ, ಟವೆಲಿನಿಂದ ಮುಖ ಒರೆಸಿಕೊಂಡ, ಅಷ್ಟೆ — ಅಪ್ಪ ಇಲ್ಲಿ ಸಿಗುತ್ತಾನೆಂದು ನಾನಂದುಕೊಂಡೇ ಇರಲಿಲ್ಲ, ಮನೆಯಲ್ಲಿ ಯಾರಿಗೂ ಹೇಳದೆ ಬಂದವಳು ನಾನು, ಇಲ್ಲಿಂದ ಲಿಂಗಸುಗೂರು ಎಷ್ಟು ಮಹಾ ದೂರ, ಬಜಾರದ ಅರ್ಧ ಮಂದಿ ಮದುವೆಗೆ ಬಂದಿರುತ್ತಾರೆಂಬುದು ಶಾಮಿಯಾನಾದ ಬಾಗಿಲಲ್ಲಿ ಗುಲಾಬಿ ನೀರು ಚಿಮುಕಿಸಿದಾಗ ಹೊಳೆಯಿತು, ದುಪಟ್ಟಾ ತಲೆಯ ಮೇಲೆಳೆದು ನೇರ ಹೆಣ್ಣುಮಕ್ಕಳ ಕಡೆ ನುಗ್ಗಿದೆ. ಒಳಗೆ ರಾಜಾಬೀ ಕೆಂಪು ಸೀರೆ, ಮುಖದ ಮೇಲೆ ಮಲ್ಲಿಗೆಯ ಎಳೆಗಳು, ಅವಳ ಸುತ್ತ ಅಷ್ಟೊಂದು ಹೆಂಗಸರು, ಅತ್ತರು, ಸೆಕೆ, ಯಾರೋ ಹಾಡುತ್ತಿದ್ದರು, ಅವಳು ಎರಡು ಬೆರಳಿನಿಂದ ಹೂವಿನ ಎಳೆ ಸರಿಸಿ ನನ್ನನ್ನು ನೋಡಿದಳು, ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ, ಪರೀಕ್ಷಾ ಇತ್ತಲ್ಲಲೇ ಅಂದಳು, ಐತಿ, ನಾಳಿ ಐತಿ ಅಂದೆ, ಹುಚ್ಚಿ ಅಂತ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು, ಅಲ್ಲಿ ಕೂತಿದ್ದ ಅವಳ ಸೋದರತ್ತೆ ಜಾಗ ಬಿಡಬೇಕಾಯಿತು, ಸ್ವಲ್ಪ ಹೊತ್ತಿಗೆ ರಾಜಾಬೀ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು — ಖುಷಿಯಾಗಿದ್ದೀಯಾ ಎಂದೇನೂ ಕೇಳಲಿಲ್ಲ, ಮದುಮಗ ಇಲಿಯಾಸ್ ಹೆಂಗದಾನ ನೋಡಿದೇನು ಎಂದೂ ಕೇಳಲಿಲ್ಲ —

ಅಲ್ಲಿ ನಿನ್ನ ಮಗ್ಗಲ ಯಾರು ಕೂಡ್ತಾರ?

ಅಮೂಲ್ಯಾ ಎಂದುಬಿಟ್ಟೆ, ಸುಳ್ಳು, ಅಮೂಲ್ಯಾ ಇತಿಹಾಸದವಳು, ಬೇರೆ ಕಟ್ಟಡ, ತರಗತಿಯಲ್ಲಿ ದಿನಕ್ಕೊಬ್ಬರು ಕೂರುತ್ತಾರೆ, ಗ್ರಂಥಾಲಯದಲ್ಲಿ ಮೂಲೆಯ ಮೇಜು ನನ್ನದು, ಪಕ್ಕದ ಕುರ್ಚಿಯ ಮೇಲೆ ನನ್ನ ಹಸಿರು ಚೀಲ ಇಡುತ್ತೇನೆ, ಯಾರೂ ಬಂದು ಕೂರದಿರಲಿ ಎಂದು, ಎಂದಿನಿಂದ ಇಡತೊಡಗಿದೆನೋ ನೆನಪಿಲ್ಲ, ಯಾರಾದರೂ ದೂರದಿಂದ ಬಂದು ಕುರ್ಚಿ ನೋಡಿ ಚೀಲ ನೋಡಿ ಹಿಂದಕ್ಕೆ ಹೋಗುತ್ತಾರೆ, ಒಮ್ಮೆ ಆಸೀಫ್ ಕೂಡ ಹಾಗೆ ಹೋದ, ನಾನು ತಲೆ ಎತ್ತಲಿಲ್ಲ, ಚಲೋ ಅದಾಳೇನಕಿ ಎಂದು ರಾಜಾಬೀ ಕೇಳಿದಾಗ ಹೂಂ ಎಂದೆ, ಹಸಿರು ಚೀಲ ಚೆನ್ನಾಗಿದೆ.

ಊಟಕ್ಕೆ ಮಾಂಸ ತಿನ್ನದ ನಮ್ಮಂಥವರಿಗೆಂದು ಹಿತ್ತಲಲ್ಲಿ ಬೇರೆ ಪಂಕ್ತಿ ಹಾಕಿಸಿದ್ದ ಲಾಲ್‌ಸಾಬ್ ಕಾಕಾ, ಗೋಧಿ ಹುಗ್ಗಿ, ಎಣ್ಣೆಗಾಯಿ ಬದನೆಕಾಯಿ, ತಲೆ ತಗ್ಗಿಸಿ ಖಾಲಿ ಜಾಗದಲ್ಲಿ ಕೂತೆ, ಪಕ್ಕದ ಎಲೆಯ ಮೇಲಿದ್ದ ಕೈ ನೋಡಿದೆ, ಹಸ್ತದ ಮೇಲೆ ಕತ್ತರಿ ತಾಗಿದ ಹಳೆಯ ಗಾಯದ ಗುರುತು, ಅಪ್ಪ. ಅವನೂ ನೋಡಿದ, ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು, ಯಾವಾಗ ಬಂದಿ, ಮುಂಜಾನಿ, ಪರೀಕ್ಷಾ, ನಾಳಿ, ಹೂಂ, ಬದನಿಕಾಯಿ ಚಲೋ ಆಗ್ಯಾವ, ಹಾಕಿಸ್ಕೊ. ಬೈದಿದ್ದರೆ ಒಂದು ದಾರಿ ತಿಳಿಯುತ್ತಿತ್ತು. ಮಗಳೇ ಹೋಗುತ್ತಿಲ್ಲ, ಸೀಜನ್ನಿನಲ್ಲಿ ಅಂಗಡಿ ಮುಚ್ಚಿ ನೀವ್ಯಾಕೆ ಹೋಗುತ್ತೀರೆಂದು ಅವ್ವ ತಡೆದಿದ್ದಳಂತೆ, ಸಿಂಧನೂರಿಗೆ ಮಾಲು ನೋಡಲು ಹೋಗುತ್ತೇನೆಂದು ಹೇಳಿ ಇವನು ಮಸ್ಕಿಗೆ ಬಂದಿದ್ದ, ಉಂಡು ಎದ್ದು ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಇದನ್ನೆಲ್ಲ ಹೇಳಿ, ನಿಮ್ಮವ್ವಗ ಹೇಳಬ್ಯಾಡ ಎಂದ, ಏನನ್ನು, ನಾನು ಬಂದದ್ದನ್ನೋ ಅವನು ಬಂದದ್ದನ್ನೋ, ಕೇಳಲಿಲ್ಲ, ಬೇರೆಯದನ್ನು ಕೇಳಿದೆ, ಅಪ್ಪಾ, ನಾ ಬಂದಿದ್ದು ತಪ್ಪಾತೇನು? ಅಪ್ಪ ಒಬ್ಬ ಟ್ರ್ಯಾಕ್ಟರಿನವನಿಗೆ ದಾರಿ ಬಿಟ್ಟ, ಆಮೇಲೆ, ನನಗ ಹೆಂಗ ತಿಳೀಬೇಕವ್ವಾ, ನಾ ಅಂಥಾ ಸಾಲ್ಯಾಗ ಕಲಿತಿಲ್ಲ, ಲಾಲ್‌ಸಾಬನ ಮಗಳ ಲಗ್ನಕ್ಕ ಬರದ ಇರಾಕ ನನಗ ಆಗಲಿಲ್ಲ, ಅಷ್ಟ ಗೊತ್ತು. ಅವನಿಗೆ ನಾಳೆ ಪರೀಕ್ಷೆ ಇಲ್ಲ, ಅವನದು ಸುಲಭ, ಇಲ್ಲ ಸುಲಭವಲ್ಲ, ಅವನೂ ಸುಳ್ಳು ಹೇಳಿ ಬಂದಿದ್ದಾನೆ, ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಕಡೆ ಕೂರಿಸಿ, ಜಾಗ ಇರಲಿ ಎಂದು ನನ್ನ ಹಸಿರು ಚೀಲವನ್ನು ಪಕ್ಕದ ಸೀಟಿನ ಮೇಲೆ ತಾನೇ ಇಟ್ಟು ಇಳಿದ.

ಕರಿ ಹೊಲ ಮುಗಿದು ಕಾಲುವೆ ಬಂತು, ಭತ್ತದ ಹಸಿರು, ಇನ್ನು ಸಿಂಧನೂರು, ಅಲ್ಲಿಂದ ಹೈದರಾಬಾದಿನ ಬಸ್ಸು, ಪುಸ್ತಕ ತೆರೆದಿದ್ದೇನೆ, ಸಾಲು ಕಣ್ಣಿಗೆ ಬರುತ್ತದೆ ಒಳಗೆ ಬರುವುದಿಲ್ಲ, ಇಲ್ಲಿ ಯಾರರ ಅದಾರೇನ ಯವ್ವಾ, ಗಂಟು ಹಿಡಿದ ಮುದುಕಿಯೊಬ್ಬಳು ನಿಂತಿದ್ದಾಳೆ, ಯಾವ ಊರಿನಲ್ಲಿ ಹತ್ತಿದಳೋ, ಎರಡು ಸಲ ಕೇಳಿರಬೇಕು, ಇಲ್ಲ, ಯಾರೂ ಇಲ್ಲ, ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡೆ, ಅವಳು ಕೂತಳು, ಸ್ವಲ್ಪ ಹೊತ್ತಿಗೆ ನಿದ್ದೆ ಹೋಗಿ ತಲೆ ನನ್ನ ಭುಜಕ್ಕೆ ಬಂತು, ಎಷ್ಟು ಭಾರ, ಪುಟ ತಿರುವಲು ಆಗುವುದಿಲ್ಲ, ಅಲುಗಿದರೆ ಎಚ್ಚರವಾಗುತ್ತಾಳೆ, ಓದಬೇಕು, ಪಾಸಾಗುತ್ತೇನೆ, ಆಗದೆಯೂ ಇರಬಹುದು, ರಾಜಾಬೀ ಈಗ ಅತ್ತೆಯ ಮನೆಯ ದಾರಿಯಲ್ಲಿ, ಅವಳ ಮಗ್ಗಲ ಇಲಿಯಾಸ್, ನನ್ನ ಮಗ್ಗಲ ಹೆಸರು ಗೊತ್ತಿಲ್ಲದ ಮುದುಕಿ, ಅಲ್ಲಿ ಗ್ರಂಥಾಲಯದ ಮೂಲೆಯಲ್ಲಿ ಈ ಹೊತ್ತು ಬಿಸಿಲು ಮೇಜಿನವರೆಗೆ ಬಂದಿರುತ್ತದೆ, ಇಂದು ನಾನಿಲ್ಲ, ಚೀಲ ಇಲ್ಲಿದೆ ನನ್ನ ತೊಡೆಯ ಮೇಲೆ, ಅಂದರೆ ಅಲ್ಲಿ ಕುರ್ಚಿ ಖಾಲಿ, ಯಾರಾದರೂ ಬಂದು ಕೂತಿರಬಹುದು, ಅಮೂಲ್ಯಾ, ಆಸೀಫ್, ಯಾರಾದರೂ, ಒಂದು ಮುಖ ಇಟ್ಟು ನೋಡುತ್ತೇನೆ, ನಿಲ್ಲುವುದಿಲ್ಲ, ಇನ್ನೊಂದು ಇಡುತ್ತೇನೆ, ನಿಲ್ಲುವುದಿಲ್ಲ, ಬಿಸಿಲು, ಮೇಜು, ಕುರ್ಚಿ, ಕುರ್ಚಿಯ ಮೇಲೆ ಹಸಿರು ಚೀಲ, ಬಾಯಿ ಅರ್ಧ ತೆರೆದ ಹಸಿರು ಚೀಲ, ಇಲ್ಲಿ ತೊಡೆಯ ಮೇಲಿದ್ದೂ ಅಲ್ಲಿ ಜಾಗ ಹಿಡಿದಿರುವ ಚೀಲ